ಅಣ್ಣಾ, ನಾಲ್ಕನೇ ಬೋರಿಗಿಂತ ಮೊದಲು

ಹುನಗುಂದ ತಾಲ್ಲೂಕಿನಲ್ಲಿ ಒಕ್ಕಲುತನ ಮಾಡಿಕೊಂಡಿರುವ ಅಣ್ಣನಿಗೆ ಬಾಗಲಕೋಟೆಯಿಂದ ತಂಗಿಯ ಬಹಿರಂಗ ಪತ್ರ

ಪ್ರೀತಿಯ ಅಣ್ಣಾ,

ಫೋನಿನಲ್ಲಿ ಹೇಳಿದರೆ "ಆತು ಬಿಡವಾ, ನೋಡೂಣು" ಅಂದು ಮಾತು ಮುಗಿಸಿಬಿಡುತ್ತೀ. ಅದಕ್ಕೇ ಬರೆಯುತ್ತಿದ್ದೇನೆ. ಎಲ್ಲರೂ ಓದುವ ಹಾಗೆ ಬರೆಯುತ್ತೇನೆ ಎಂದಾಗ ನೀನು ಸಿಟ್ಟಾಗಲಿಲ್ಲ. "ನನ್ನ ಹೆಸರು ಹಾಕಬ್ಯಾಡ. ಉಳಿದದ್ದು ಬರಿ, ನನ್ನಂಥವ್ರು ಊರಿಗೆ ಹತ್ತು ಮಂದಿ ಅದಾರ" ಅಂದೆ. ಆ ಹತ್ತು ಮಂದಿಗೂ ಸೇರಿಸಿಯೇ ಇದನ್ನು ಬರೆಯುತ್ತಿದ್ದೇನೆ.

ಅಮಾವಾಸ್ಯೆ ಕಳೆದ ಮೇಲೆ ಬೋರಿನ ಗಾಡಿ ಬರುತ್ತದೆ ಎಂದು ವೈನಿ ಹೇಳಿದಳು. ಪಾಯಿಂಟ್ ನೋಡುವವರು ಬಂದು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲ ಸುತ್ತಿದರಂತೆ, ಬದುವಿನ ಬೇವಿನ ಗಿಡದ ಹತ್ತಿರ ಕಾಯಿ ಎದ್ದು ನಿಂತಿತಂತೆ. ಮೂರನೇ ಬೋರಿಗೆ ಅವ್ವನ ಬೋರಮಾಳ ಹೋಯಿತು. ನಾಲ್ಕನೆಯದಕ್ಕೆ ಏನು ಹೋಗುತ್ತದೆ ಎಂದು ನಾನು ಕೇಳಲಿಲ್ಲ, ವೈನಿಯೂ ಹೇಳಲಿಲ್ಲ.

ಕೊರೆಸಬೇಡ ಎನ್ನುವ ಅಧಿಕಾರ ನನಗಿಲ್ಲ. ನಾನು ತಿಂಗಳ ಸಂಬಳದವಳು, ಸಾಲಿಯಲ್ಲಿ ವಿಜ್ಞಾನ ಹೇಳಿಕೊಟ್ಟು ಮನೆಗೆ ಬರುವವಳು. ಮಳೆ ಕೈಕೊಟ್ಟ ವರ್ಷ ತೊಗರಿ ಬಾಡುವುದನ್ನು ಹೊತ್ತು ಮೂಡಿದರೆ ನೋಡಬೇಕಾದವನು ನೀನು. ನಾನು ಕೇಳುವುದು ಒಂದೇ. ಕೊರೆಸುವ ಮೊದಲು ಅಳೆದು ನೋಡು. ನಮ್ಮ ಹೊಲದಲ್ಲಿ ಈಗಲೇ ಮುತ್ಯಾ ತೋಡಿಸಿದ ಬಾವಿ ಇದೆ, ಎರಡು ತಾಸು ಓಡಿ ಗಾಳಿ ಉಗುಳುವ ಮೊದಲ ಬೋರು ಇದೆ, ಫೇಲಾದವು ಎಂದು ನಾವು ಬಿಟ್ಟ ಎರಡು ಬೋರು ಇವೆ. ನೆಲದೊಳಗಿನ ಕಲ್ಲು ಎಂಥದು, ಎಷ್ಟು ನೀರು ಹಿಡಿದಿದೆ, ಎಷ್ಟು ಬೇಗ ಕೊಡುತ್ತದೆ ಎಂದು ತಿಳಿಯಲು ಬೇಕಾದ ಸಾಮಾನು ಇದಿಷ್ಟೇ. ಇವುಗಳನ್ನು ಕೊರೆಸಲು ನಾವು ದುಡ್ಡು ಕೊಟ್ಟದ್ದೂ ಆಗಿದೆ. ಅವು ಹೇಳಬಲ್ಲ ಮಾತನ್ನು ಮಾತ್ರ ಇನ್ನೂ ಕೇಳಿಲ್ಲ.

ಮೊದಲ ಬೋರು ಬಿದ್ದ ದಿನ ನೀನು ಫೋನ್ ಮಾಡಿ "ನೂರು ಅಡಿ ನೀರು ನಿಂತದ" ಅಂದಿದ್ದೆ. ಎಷ್ಟು ಖುಷಿಯಾಗಿತ್ತು ಇಬ್ಬರಿಗೂ. ಆ ಮೇಲೆ ಒಂದು ರಾತ್ರಿ ಕೂತು ಲೆಕ್ಕ ಹಾಕಿದೆ. ಆರೂವರೆ ಇಂಚಿನ ಬೋರಿನಲ್ಲಿ ಒಂದಡಿ ನೀರು ಅಂದರೆ ಸುಮಾರು ಆರೂವರೆ ಲೀಟರ್. ನೂರು ಅಡಿ ನಿಂತರೂ 650 ಲೀಟರ್, ನಲವತ್ತು ಚಿಲ್ಲರೆ ಕೊಡ. ಮುತ್ಯಾನ ಬಾವಿ ಇಪ್ಪತ್ತು ಅಡಿ ಅಡ್ಡಗಲದ್ದು. ಅಲ್ಲಿ ನೀರು ಒಂದೇ ಅಡಿ ಏರಿದರೆ ಸುಮಾರು 8,900 ಲೀಟರ್. ಬೋರಿನಲ್ಲಿ ನಿಂತ ನೀರು ನಮ್ಮ ಆಸ್ತಿಯಲ್ಲ ಅಣ್ಣಾ. ಮನೆಯ ಮುಂದೆ ಜೋಳ ತುಂಬಿಡುತ್ತಿದ್ದ ಹಗೇವು ನೆನಪಿದೆಯಲ್ಲ? ಬೋರು ಆ ಹಗೇವಿನ ಬಾಯಿ ಮಾತ್ರ. ಹಗೇವು ಅಂದರೆ ಸುತ್ತಲಿನ ಕಲ್ಲು. ಬಾಯಿ ಎಷ್ಟು ಆಳ ಇದೆ ಎಂದು ನೋಡಿ ಒಳಗೆ ಎಷ್ಟು ಚೀಲ ಜೋಳ ಇದೆ ಎಂದು ಹೇಳಲಾಗುವುದಿಲ್ಲ.

ನೀರು ಹಿಡಿದ ಕಲ್ಲಿನ ಪದರಕ್ಕೆ ಜಲಧರ ಎನ್ನುತ್ತಾರೆ. ಅದರ ಬಗ್ಗೆ ಒಕ್ಕಲಿಗನಿಗೆ ಬೇಕಾದ ಪ್ರಶ್ನೆ ಎರಡೇ. ಒಳಗೆ ಎಷ್ಟು ಜಾಗವಿದೆ, ಅಂದರೆ ಹಗೇವು ಎಷ್ಟು ಚೀಲದ್ದು? ಒಳಗಿನದು ಬಾಯಿಯ ತನಕ ಎಷ್ಟು ಸಲೀಸಾಗಿ ಬರುತ್ತದೆ? ಒಂದು ಕಲ್ಲು ಬಹಳ ಹಿಡಿದು ನಿಧಾನ ಕೊಡಬಹುದು. ಇನ್ನೊಂದು ಜೋರಾಗಿ ಕೊಟ್ಟು ಎಂಟು ದಿನದಲ್ಲಿ ಖಾಲಿಯಾಗಬಹುದು. ಎರಡನೇ ಥರದ್ದು ಸಿಕ್ಕ ರೈತ ಮೊದಲ ವಾರ ಪೇಡೆ ಹಂಚಿ, ಕಬ್ಬು ಹಚ್ಚಿ, ಬೇಸಿಗೆಯಲ್ಲಿ ತಲೆಯ ಮೇಲೆ ಕೈ ಹೊತ್ತು ಕೂತದ್ದನ್ನು ನಾವಿಬ್ಬರೂ ಕಂಡಿದ್ದೇವೆ.

"ಮಾವನ ಊರಾಗ ಬಂದದ, ನಮ್ಮಲ್ಲಿ ಯಾಕ ಬರೂದಿಲ್ಲ?" ಎಂದು ಕೇಳುತ್ತೀ. ಮಾವನದು ಬಾದಾಮಿ ಸೀಮೆ, ಮರಳುಗಲ್ಲು. ಮೇಣಬಸದಿ ಹತ್ತುವಾಗ ನೋಡಿದ್ದೀ, ಗುಡ್ಡವನ್ನು ಮೇಲಿನಿಂದ ಕೆಳಗೆ ಕೊಯ್ದಂತೆ ನೆಟ್ಟಗಿನ ಸೀಳುಗಳು, ಅಡ್ಡಕ್ಕೆ ಪದರ ಪದರ. ಮರಳಿನ ಕಣಗಳ ನಡುವಿನ ಸಂದು ಬಹುಮಟ್ಟಿಗೆ ಬೆಸೆದುಹೋಗಿದೆ, ನೀರು ಓಡಾಡುವುದು ಆ ಸೀಳು ಮತ್ತು ಪದರಗಳ ನಡುವೆ. ಮಹಾಕೂಟದ ಪುಷ್ಕರಣಿಗೆ ಬೇಸಿಗೆಯಲ್ಲೂ ನೀರು ಬರುವುದು ಹೀಗೆ ಗುಡ್ಡದ ಒಡಲಿನಿಂದ. ಅಲ್ಲಿಂದ ಕಲಾದಗಿ, ಲೋಕಾಪುರದ ಕಡೆ ತಿರುಗಿದರೆ ಸುಣ್ಣದ ಕಲ್ಲು ಸಿಗುತ್ತದೆ. ಮಳೆನೀರು ಸುಣ್ಣದ ಕಲ್ಲನ್ನು ಕಾಲಾಂತರದಲ್ಲಿ ಕರಗಿಸುತ್ತದೆ, ಸೀಳು ಪೊಳ್ಳಾಗುತ್ತದೆ. ಪೊಳ್ಳು ತಾಗಿದ ಬೋರು ಉಕ್ಕುತ್ತದೆ, ಹತ್ತು ಮಾರು ಆಚೆ ಕೊರೆದದ್ದು ಬರೀ ಬಿಳಿ ಧೂಳು ಹಾರಿಸುತ್ತದೆ. 1876ರಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ನಾಡಿನ ಕಲ್ಲುಗಳ ಬಗ್ಗೆ ಬರೆದ. ಈ ಮರಳುಗಲ್ಲು ಸುಣ್ಣಗಲ್ಲುಗಳ ಸಮೂಹಕ್ಕೆ ನಮ್ಮ ಕಲಾದಗಿಯ ಹೆಸರೇ ಇವತ್ತಿಗೂ ನಿಂತಿದೆ. ಬಾಗಲಕೋಟೆಯಲ್ಲಿ ಆಲಮಟ್ಟಿಯ ಹಿನ್ನೀರಿನ ಅಂಚಿಗೆ ಬಾವಿ ಇದ್ದವರ ಕಥೆ ಬೇರೆ, ಅವರ ಬಾವಿಗೆ ಪಕ್ಕದಲ್ಲೇ ಕೃಷ್ಣೆ ಮತ್ತು ಘಟಪ್ರಭೆ ನಿಂತಿದ್ದಾರೆ.

ನಮ್ಮದು ಇಳಕಲ್ಲಿನ ಕೆಂಪು ಗ್ರಾನೈಟ್. ಮುಂದಿನ ಸಲ ಸಂತೆಗೆ ಹೋದಾಗ ಹತ್ತು ನಿಮಿಷ ಒಂದು ಕ್ವಾರಿಯ ಅಂಚಿಗೆ ನಿಂತು ಎದುರಿನ ಗೋಡೆ ನೋಡು. ನಮ್ಮ ಹೊಲವನ್ನು ರೊಟ್ಟಿಯಂತೆ ಮುರಿದು ತೋರಿಸಿದರೆ ಹಾಗೇ ಕಾಣುತ್ತದೆ. ಮೇಲೆ ಮಣ್ಣು, ಅದರ ಕೆಳಗೆ ಗರಸು, ಆ ಮೇಲೆ ಬಿರುಕುಬಿಟ್ಟ ಕಲ್ಲು, ಕೆಳಗೆ ಹೋದಂತೆಲ್ಲ ಬಿರುಕು ಕಡಿಮೆಯಾಗಿ ನುಣ್ಣಗಿನ ಇಡಿಗಲ್ಲು. ಆ ಇಡಿಗಲ್ಲು ಅಷ್ಟು ಚೆಂದ ಪಾಲಿಶ್ ಆಗುವುದು ಅದರಲ್ಲಿ ಸಂದಿಲ್ಲದ ಕಾರಣಕ್ಕೆ. ಸಂದಿಲ್ಲದಲ್ಲಿ ನೀರು ಎಲ್ಲಿ ನಿಲ್ಲಬೇಕು? ಗಾಡಿಯವರು "ಇನ್ನ ಎರಡ್ನೂರು ಅಡಿ ಹೊಡಸ್ರಿ, ಬಂದ ಬರ್ತದ" ಅಂದಾಗ ನಿನ್ನ ಕಣ್ಣ ಮುಂದೆ ಆ ಗೋಡೆ ಬರಲಿ. ಆಳದಲ್ಲಿ ಬಿರುಕು ಇರುವುದೇ ಇಲ್ಲವೆಂದು ನಾನು ಹೇಳುತ್ತಿಲ್ಲ, ಸಿಕ್ಕವರೂ ಇದ್ದಾರೆ. ಅಡಿ ಹೆಚ್ಚಿದಂತೆ ಸಿಗುವ ಆಸೆ ಕಡಿಮೆಯಾಗುತ್ತದೆ, ಬಿಲ್ಲು ಮಾತ್ರ ಏರುತ್ತಲೇ ಹೋಗುತ್ತದೆ. ಇನ್ನೊಂದು ಮಾತು. ಗ್ರಾನೈಟಿನ ಆಳದಲ್ಲಿ ಬಹುಕಾಲ ನಿಂತ ನೀರಿಗೆ ಕಲ್ಲಿನ ಫ್ಲೋರೈಡ್ ಇಳಿಯುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ನಮ್ಮ ಕಡೆಯ ಕೆಲವು ಊರುಗಳ ಮಕ್ಕಳ ಹಲ್ಲಿನ ಕಂದು ಗೆರೆ ಅದರದೇ ಗುರುತು.

ಈಗ ಮುತ್ಯಾನ ಬಾವಿಗೆ ಬರೋಣ. ಒಂದು ದಿನ ಮೋಟರು ಹಚ್ಚಿ ನೀರನ್ನು ಒಂಬತ್ತು ಅಡಿ ಇಳಿಸು, ಬಂದ್ ಮಾಡು, ಕಟ್ಟೆಯ ಮೇಲೆ ಕೂತು ಗಡಿಯಾರ ನೋಡುತ್ತ ನೀರು ಏರುವುದನ್ನು ಬರೆದುಕೋ. ಸೆಲೆ ಒಂದೇ ವೇಗದಲ್ಲಿ ಬರುವುದಿಲ್ಲ, ಇದು ನಿನಗೂ ಗೊತ್ತು. ತಳಕ್ಕೆ ಇದ್ದಾಗ ಭರದಿಂದ ಬರುತ್ತದೆ, ಮೇಲೆ ಬಂದಂತೆ ಸೋಲುತ್ತದೆ. ಸುತ್ತಲಿನ ನೀರಿಗೂ ಬಾವಿಯ ನೀರಿಗೂ ಎಷ್ಟು ಎತ್ತರದ ಅಂತರವಿದೆಯೋ ಅಷ್ಟು ಸೆಳೆತ. ಹನ್ನೆರಡು ತಾಸಿನಲ್ಲಿ ಆರು ಅಡಿ ಏರಿ, ಇನ್ನು ಮೂರು ಅಡಿ ಬಾಕಿ ಉಳಿಯಿತು ಎಂದುಕೋ. ಹಾಗಾದರೆ ಮೊದಲ ಅಡಿ ಏರಲು ಸುಮಾರು ಒಂದೂಕಾಲು ತಾಸು ಸಾಕಾಗಿರುತ್ತದೆ, ಆರನೇ ಅಡಿಗೆ ಮೂರು ತಾಸಿಗೂ ಮಿಕ್ಕಿ ಹಿಡಿದಿರುತ್ತದೆ. ಒಂಬತ್ತು ಅಡಿ ಇಳಿದಾಗ ತಾಸಿಗೆ ಸುಮಾರು 7,300 ಲೀಟರ್ ಕೊಟ್ಟ ಸೆಲೆ, ಮೂರಡಿ ಬಾಕಿ ಇರುವಾಗ ಕೊಡುವುದು 2,400 ಲೀಟರ್. ಈ ಏರುವಿಕೆಯಿಂದ ಬಾವಿಯ ತಾಕತ್ತು ಕಂಡುಹಿಡಿಯುವ ಲೆಕ್ಕವನ್ನು ಅಮೆರಿಕದ ಗಣಿತಜ್ಞ ಚಾರ್ಲ್ಸ್ ಸ್ಲಿಕ್ಟರ್ ನೂರು ವರ್ಷಕ್ಕೂ ಹಿಂದೆ ಕೊಟ್ಟ. ನಮ್ಮ ದೇಶದ ತೆರೆದ ಬಾವಿಗಳನ್ನು ಅಳೆಯುವವರು ಅದನ್ನು ಇಂದಿಗೂ ಬಳಸುತ್ತಾರೆ. ಮುತ್ಯಾನಿಗೆ ಸೂತ್ರ ಗೊತ್ತಿರಲಿಲ್ಲ. ಆದರೆ ಎತ್ತು ಬಿಚ್ಚಿ, ಬಾವಿಗೆ ಎರಡು ತಾಸು ಬಿಡುವು ಕೊಟ್ಟು, ಮತ್ತೆ ಹೂಡುತ್ತಿದ್ದ ಎಂದು ಅಪ್ಪ ಹೇಳುತ್ತಿದ್ದ. ಎತ್ತಿಗೆ ದಣಿವಾಗುತ್ತಿತ್ತು, ಅದರ ನೆಪದಲ್ಲಿ ಬಾವಿಗೂ ವಿಶ್ರಾಂತಿ ಸಿಗುತ್ತಿತ್ತು. ಮೋಟರಿಗೆ ದಣಿವಿಲ್ಲ.

ಬೋರಿನ ಪರೀಕ್ಷೆ ಇನ್ನೊಂದು ಬಗೆ. ಇದನ್ನು ನಿಧಾನವಾಗಿ ಓದು, ಇಲ್ಲಿ ನಮ್ಮ ಫೇಲಾದ ಬೋರುಗಳಿಗೆ ಕೆಲಸವಿದೆ.

ವೈನಿ ರೊಟ್ಟಿ ಬಡಿಯುವಾಗ ಒಲೆಯ ಮುಂದೆ ಕೂತು ನೋಡಿದ್ದೀ. ಹಂಚಿನ ನಡುವೆ ಉರಿ ತಾಗುತ್ತದೆ, ಬಿಸಿ ಅಂಚಿಗೆ ಹೋಗಲು ಹೊತ್ತು ಹಿಡಿಯುತ್ತದೆ. ಕಬ್ಬಿಣದ ಹಂಚಿನಲ್ಲಿ ಬೇಗ ಹೋಗುತ್ತದೆ, ಮಣ್ಣಿನ ಹಂಚಿನಲ್ಲಿ ನಿಧಾನ. ಅಂಚಿನ ಮೇಲೆ ಬೆರಳಿಟ್ಟು, ಎಷ್ಟು ಹೊತ್ತಿಗೆ ಎಷ್ಟು ಬಿಸಿಯಾಯಿತು ಎಂದು ನೋಡಿದರೆ ಹಂಚು ಎಂಥದು ಎಂದು ಹೇಳಬಹುದು. 1935ರಲ್ಲಿ ಅಮೆರಿಕದ ಚಾರ್ಲ್ಸ್ ಥೈಸ್ ಎಂಬ ಅಂತರ್ಜಲ ವಿಜ್ಞಾನಿ ಪ್ರಕಟಿಸಿದ ವಿಚಾರ ಇದೇ. ಬಾವಿಯಿಂದ ನೀರೆತ್ತಿದಾಗ ಸುತ್ತಲಿನ ನೀರಿನ ಮಟ್ಟ ಇಳಿಯುತ್ತ ಹೋಗುವ ರೀತಿಗೂ ಗಟ್ಟಿ ವಸ್ತುವಿನಲ್ಲಿ ಬಿಸಿ ಹರಡುವ ರೀತಿಗೂ ಒಂದೇ ಲೆಕ್ಕ ಎಂದು ಅವನಿಗೆ ಹೊಳೆಯಿತು. ಗಣಿತ ಬಲ್ಲ ಗೆಳೆಯ ಕ್ಲಾರೆನ್ಸ್ ಲ್ಯೂಬಿನ್ ಆ ಲೆಕ್ಕ ಬಿಡಿಸಿಕೊಟ್ಟ. ಅಲ್ಲಿಯ ತನಕ ನೀರಿನ ಮಟ್ಟ ಒಂದು ಕಡೆ ನಿಲ್ಲುವವರೆಗೆ ಕಾಯಬೇಕಿತ್ತು. ಥೈಸ್‌ನ ನಂತರ ಹೊತ್ತು ಕಳೆದಂತೆ ಮಟ್ಟ ಹೇಗೆ ಇಳಿಯುತ್ತದೆ ಎಂಬುದೇ ಸಾಕ್ಷಿಯಾಯಿತು. 1946ರಲ್ಲಿ ಕೂಪರ್ ಮತ್ತು ಜೇಕಬ್ ಎಂಬ ಇಬ್ಬರು ಅದನ್ನು ಇನ್ನಷ್ಟು ಸರಳ ಮಾಡಿ, ಲಾಗ್ ಹಾಳೆಯ ಮೇಲೆ ಒಂದು ನೇರ ಗೆರೆಗೆ ಇಳಿಸಿದರು. ನನ್ನ ಹತ್ತನೇ ಇಯತ್ತೆಯ ಮಕ್ಕಳು ಎಳೆಯಬಲ್ಲ ಗೆರೆ ಅದು. ಗೆರೆ ಕಡಿದಾಗಿದ್ದರೆ ಕಲ್ಲು ಬಿಗಿ, ನೀರು ಬಾಯಿಗೆ ಬರಲು ಒದ್ದಾಡುತ್ತಿದೆ. ಗೆರೆ ಮಲಗಿದ್ದರೆ ದಾರಿ ಸಲೀಸು.

ಓಡುವ ಬೋರಿನಲ್ಲಿ ಮಾತ್ರ ಅಳೆದರೆ ಎರಡನೇ ಪ್ರಶ್ನೆಗಷ್ಟೇ ಉತ್ತರ ಸಿಗುತ್ತದೆ. ಒಳಗೆ ಜಾಗ ಎಷ್ಟಿದೆ ಎಂಬ ಮೊದಲ ಪ್ರಶ್ನೆಗೆ, ಸ್ವಲ್ಪ ದೂರದಲ್ಲಿ ನೀರೆತ್ತದೆ ಸುಮ್ಮನೆ ನೋಡುತ್ತ ನಿಲ್ಲುವ ಇನ್ನೊಂದು ತೂತು ಬೇಕು, ಹಂಚಿನ ಅಂಚಿಗೆ ಇಟ್ಟ ಬೆರಳಿನ ಹಾಗೆ. ಅದಕ್ಕೆ ವೀಕ್ಷಣಾ ಬಾವಿ ಎನ್ನುತ್ತಾರೆ. ಸರ್ಕಾರಿ ಸಂಶೋಧನೆಯಲ್ಲಾದರೆ ಅದಕ್ಕೆಂದೇ ದುಡ್ಡು ಹಾಕಿ ಕೊರೆಸುತ್ತಾರೆ. ನಮ್ಮ ಹೊಲದಲ್ಲಿ ಅಂಥವು ಎರಡಿವೆ. ಮೊದಲ ಬೋರು ಓಡಿಸಿದಾಗ ಎರಡನೆಯದರಲ್ಲಿ ನೀರು ಇಳಿಯುತ್ತದೆಯೇ? ಮೂರನೆಯದರಲ್ಲಿ? ಎಷ್ಟು ನಿಮಿಷಕ್ಕೆ, ಎಷ್ಟು ಇಂಚು? ಎರಡನೆಯದರಲ್ಲಿ ಇಳಿದು ಮೂರನೆಯದು ಮಿಸುಕದಿದ್ದರೆ ನೆಲದೊಳಗಿನ ಬಿರುಕು ಯಾವ ದಿಕ್ಕಿಗೆ ಓಡುತ್ತದೆ ಎಂಬ ಸುಳಿವು ಸಿಕ್ಕಿತು. ಬೇವಿನ ಗಿಡದ ಪಾಯಿಂಟ್ ಆ ದಿಕ್ಕಿನಲ್ಲೇ ಇದ್ದರೆ ನಾಲ್ಕನೇ ಬೋರು ಮೊದಲನೆಯದರ ನೀರನ್ನೇ ಕುಡಿಯುತ್ತದೆ. ಒಂದೇ ಹಗೇವಿಗೆ ಎರಡು ಬಾಯಿ ಕೊರೆದರೆ ಜೋಳ ಹೆಚ್ಚುವುದಿಲ್ಲ. ಬದುವಿನ ಆಚೆ ಕಾಕಾನ ಬೋರು ಇದೆ. ನಮ್ಮದು ಓಡಿದಾಗ ಅವರದು ಇಳಿಯುತ್ತದೆಯೋ ಇಲ್ಲವೋ ಎಂಬುದೂ ಅದೇ ದಿನ ಗೊತ್ತಾಗುತ್ತದೆ. ಎರಡು ಮನೆಯವರು ಮಾತು ಬಿಟ್ಟು ನಾಲ್ಕು ವರ್ಷವಾಯಿತು. "ನಿಮ್ಮದರಿಂದ ನಮ್ಮದು ಬತ್ತಿತು" ಎನ್ನುವ ಮಾತಿಗೇ ಅದು ಆದದ್ದು, ಆಗ ಯಾರೂ ಅಳೆದಿರಲಿಲ್ಲ.

ಗ್ರಾನೈಟಿನಲ್ಲಿ ಈ ಲೆಕ್ಕ ಪಕ್ಕಾ ಕೂಡುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಥೈಸ್ ಎಣಿಸಿದ್ದು ಎಲ್ಲ ಕಡೆ ಒಂದೇ ಸಮನಾದ ಪದರವನ್ನು. ನಮ್ಮದು ಬಿರುಕಿನ ಕಲ್ಲು, ಅಂಕಿ ಹೆಚ್ಚು ಕಡಿಮೆ ಬರುತ್ತದೆ. ಆದರೆ ಗೆರೆಯ ಆಕಾರ ಸುಳ್ಳು ಹೇಳುವುದಿಲ್ಲ. ಮೆಲ್ಲಗೆ ಇಳಿಯುತ್ತಿದ್ದ ನೀರು ಒಂದು ಆಳದಲ್ಲಿ ಥಟ್ಟನೆ ಕುಸಿಯಿತು ಅಂದರೆ ನೀರು ಕೊಡುವ ಬಿರುಕು ಅಲ್ಲೇ ಇದ್ದು, ಮಟ್ಟ ಅದಕ್ಕಿಂತ ಕೆಳಗೆ ಹೋಯಿತು ಎಂದು. ಆ ಆಳವನ್ನು ಬರೆದಿಟ್ಟು, ನೀರು ಅದಕ್ಕಿಂತ ಕೆಳಗೆ ಹೋಗದಂತೆ ಮೋಟರು ಓಡಿಸಿದರೆ ಗಾಳಿ ಉಗುಳುವುದು ನಿಲ್ಲಬಹುದು. ಎರಡು ತಾಸು ಒಂದೇ ಸಮನೆ ಓಡಿಸುವ ಬದಲು ಅರ್ಧ ಅರ್ಧ ತಾಸು ಬಿಟ್ಟು ಬಿಟ್ಟು ಓಡಿಸುವುದೇ ಲಾಭ ಎಂದು ಗೊತ್ತಾಗಬಹುದು. ಹೊಸ ನೀರು ಹುಡುಕುವ ಮೊದಲು ಇದ್ದ ನೀರಿನ ಗುಣ ತಿಳಿದುಕೊಳ್ಳುವುದು ಹೀಗೆ.

ಇಂಚಿನ ಮಾತೂ ಆಗಿಹೋಗಲಿ. "ಎರಡು ಇಂಚು ನೀರು" ಎನ್ನುತ್ತೇವೆ, ಯಾವ ಇಂಚು? 'ವಿ' ಆಕಾರದ ಕಂಡಿ ಇರುವ ತಗಡು ಕಟ್ಟಿ, ಕಂಡಿಯಲ್ಲಿ ನೀರು ಎಷ್ಟು ಎತ್ತರ ಹರಿಯಿತು ಎಂದು ನೋಡುವ ಇಂಚು ಅದು. ಕಂಡಿ ಮೂಲೆಮಟ್ಟದ್ದಾದರೆ, ಎರಡು ಇಂಚಿಗೆ ತಾಸಿಗೆ ಸುಮಾರು 2,900 ಲೀಟರ್. ನಾಲ್ಕು ಇಂಚಿಗೆ ಅದರ ದುಪ್ಪಟ್ಟಲ್ಲ, 16,000 ಲೀಟರಿಗೂ ಹೆಚ್ಚು, ಐದೂವರೆ ಪಟ್ಟು. ಒಂದು ಇಂಚು ಅಂದರೆ ತಾಸಿಗೆ 500 ಲೀಟರಿನ ಆಸುಪಾಸು. ಹಾಗಾಗಿ ಅರ್ಧ ಇಂಚು ಹೆಚ್ಚು ಕಡಿಮೆ ಹೇಳಿದರೂ ಲೆಕ್ಕ ಎಲ್ಲಿಗೋ ಹೋಗುತ್ತದೆ. ಅದೂ ಗಾಳಿ ಹೊಡೆದು ನೀರು ಚಿಮ್ಮಿಸುವ ಒಂದು ತಾಸಿನ ಅಳತೆ. ಕಲ್ಲು ಮೂರು ತಿಂಗಳು ಏನು ಕೊಡುತ್ತದೆ ಎಂದು ಅದು ಹೇಳುವುದಿಲ್ಲ. ನೀನು ಇಂಚು ಬಿಡು. ಇನ್ನೂರು ಲೀಟರಿನ ಡ್ರಮ್ ಇಟ್ಟು, ಎಷ್ಟು ಸೆಕೆಂಡಿಗೆ ತುಂಬಿತು ಎಂದು ಮೊಬೈಲಿನಲ್ಲಿ ನೋಡು.

ಹಗೇವಿನ ಲೆಕ್ಕವೂ ಒಂದಿದೆ. ಸರ್ಕಾರ ಅಂತರ್ಜಲ ಎಣಿಸುವಾಗ ಗ್ರಾನೈಟಿನ ಗರಸಿಗೆ ನೂರಕ್ಕೆ ಎರಡರಿಂದ ನಾಲ್ಕು ಪಾಲು ಎಂಬಂಥ ಅಂದಾಜು ಇಟ್ಟುಕೊಳ್ಳುತ್ತದೆ. ಅಂದರೆ ನೂರು ಬುಟ್ಟಿ ಗರಸಿನಿಂದ ಬಸಿದು ಬರುವ ನೀರು ಎರಡರಿಂದ ನಾಲ್ಕು ಬುಟ್ಟಿ. ಎರಡೇ ಹಿಡಿ. ನಮ್ಮ ನಾಲ್ಕು ಎಕರೆಯ ಕೆಳಗೆ ನೀರು ಒಂದು ಮೀಟರ್ ಇಳಿಯಿತು ಅಂದರೆ ನಾವು ತೆಗೆದದ್ದು ಸುಮಾರು 3,24,000 ಲೀಟರ್. ಕೇಳಲು ಬಹಳ ಅನ್ನಿಸುತ್ತದೆ. ಎರಡು ಇಂಚಿನ ಬೋರನ್ನು ದಿನಕ್ಕೆ ಏಳು ತಾಸು ತ್ರೀಫೇಸಿನಲ್ಲಿ ಓಡಿಸಿದರೆ ಹದಿನಾರು ದಿನಕ್ಕೆ ಮುಗಿಯುತ್ತದೆ. ಇನ್ನು ಮಳೆ. ನಮ್ಮ ಸೀಮೆಯಲ್ಲಿ ವರ್ಷಕ್ಕೆ ಬೀಳುವುದು 600 ಮಿಲಿಮೀಟರಿನ ಆಸುಪಾಸು. ಅದರಲ್ಲಿ ನೂರಕ್ಕೆ ಐದು ಪಾಲು ಕೆಳಗಿಳಿದರೂ 30 ಮಿಲಿಮೀಟರ್, ಅಂಥ ಗರಸಿನಲ್ಲಿ ಅದು ನೀರನ್ನು ಒಂದೂವರೆ ಮೀಟರ್ ಏರಿಸುತ್ತದೆ. ಒಂದು ವರ್ಷದ ದೇವರ ಕೊಡುಗೆ ಒಂದು ತಿಂಗಳೂ ಬರುವುದಿಲ್ಲ. ಹುನಗುಂದದ ಎರೆಹೊಲದಲ್ಲಿ ಹಿರಿಯರು ಒಡ್ಡು ಹಾಕಿ, ಗುಂಡಾವರ್ತಿ ಕಟ್ಟಿ, ಬಿದ್ದ ಮಳೆಯನ್ನು ಹೊಲದಲ್ಲೇ ನಿಲ್ಲಿಸಿ ಹಿಂಗಾರಿ ಬಿಳಿಜೋಳ ಬೆಳೆದದ್ದು ಈ ಲೆಕ್ಕವನ್ನು ಅಂಕಿ ಇಲ್ಲದೆಯೂ ಬಲ್ಲ ಕಾರಣಕ್ಕೆ.

ನೂರಕ್ಕೆ ಎರಡು ಎಂಬುದು ಇಡೀ ಕಲ್ಲಿನ ಜಾತಿಗೆ ಇಟ್ಟ ಅಂದಾಜು, ನಮ್ಮ ಹೊಲದ್ದಲ್ಲ. ನಮ್ಮದು ಒಂದಿರಬಹುದು, ಮೂರಿರಬಹುದು. ಅಳೆದರೆ ಮಾತ್ರ ಗೊತ್ತು. ಕೇಂದ್ರೀಯ ಅಂತರ್ಜಲ ಮಂಡಳಿಯವರು ವರ್ಷಕ್ಕೆ ನಾಲ್ಕು ಸಲ ತಮ್ಮ ವೀಕ್ಷಣಾ ಬಾವಿಗಳ ನೀರು ಅಳೆಯುತ್ತಾರೆ, ಮೇ, ಆಗಸ್ಟ್, ನವೆಂಬರ್, ಜನವರಿ. ಆದರೆ ಅವರ ಬಾವಿ ಹೋಬಳಿಗೊಂದು ಸಿಕ್ಕರೆ ದೊಡ್ಡದು. ನಿನಗೆ ಇಂಗ್ಲಿಷ್ ತಿಂಗಳು ನೆನಪಿಡುವುದು ಬೇಡ. ಬಸವ ಜಯಂತಿಗೆ ಒಂದು, ಪಂಚಮಿಗೆ ಒಂದು, ದೀಪಾವಳಿಗೆ ಒಂದು, ಬನಶಂಕರಿ ಜಾತ್ರೆಗೆ ಹೊರಡುವ ಮುಂಚೆ ಬನದ ಹುಣ್ಣಿಮೆಗೆ ಒಂದು. ಮೋಟರು ಓಡಿಸುವ ಮೊದಲು, ಬೆಳಿಗ್ಗೆ. ಕಟ್ಟೆಯ ಮೇಲೆ ಒಂದು ಕಡೆ ಬಣ್ಣದ ಗುರುತು ಹಾಕಿ ಯಾವಾಗಲೂ ಅಲ್ಲಿಂದಲೇ ಟೇಪು ಬಿಡಬೇಕು. ಟೇಪಿನ ತುದಿಯ ನಾಲ್ಕು ಅಡಿಗೆ ಸೀಮೆಸುಣ್ಣ ತಿಕ್ಕಿದರೆ ತೊಯ್ದ ಗೆರೆ ಸ್ಪಷ್ಟ ಕಾಣುತ್ತದೆ. ಮುಂದಿನ ವರ್ಷ ಪಂಚಮಿಗೆ ನನಗೆ ಸೀರೆ ಉಡಿಸಬೇಡ. ಆ ನಾಲ್ಕು ಅಂಕಿ ಬರೆದ ಒಂದು ನೋಟುಪುಸ್ತಕ ಕೊಡು, ನಾನು ಇಳಕಲ್ ಸೀರೆಗಿಂತ ಜೋಪಾನವಾಗಿ ಇಟ್ಟುಕೊಳ್ಳುತ್ತೇನೆ.

ಬರೆಯಲು ಕೈ ಬಾರದ ಒಂದು ಮಾತು ಉಳಿದಿದೆ. 2014ರ ಆಗಸ್ಟಿನಲ್ಲಿ ಬಾದಾಮಿ ತಾಲ್ಲೂಕಿನ ಒಂದು ಹೊಲದಲ್ಲಿ, ನೀರಿಲ್ಲವೆಂದು ಬಿಟ್ಟ ಬೋರಿನೊಳಗೆ ಪುಟ್ಟ ಹುಡುಗನೊಬ್ಬ ಬಿದ್ದ. ದಿನಗಟ್ಟಲೆ ಅಗೆದರು. ಬದುಕಿ ಬರಲಿಲ್ಲ. ಬಿಟ್ಟ ಬೋರಿನ ಬಾಯಿ ಗಟ್ಟಿಯಾಗಿ ಮುಚ್ಚಬೇಕು ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿತ್ತು. ನಮ್ಮ ಮೂರನೇ ಬೋರಿನ ಮೇಲೆ ಇರುವುದು ಗೊಬ್ಬರದ ಚೀಲ, ಅದರ ಮೇಲೆ ಒಂದು ಕಲ್ಲು. ಕಳೆದ ಸಲ ಬಂದಾಗ ನಿನ್ನ ಮಗಳು ಅದರ ಪಕ್ಕದಲ್ಲೇ ಹುಣಸೆಕಾಯಿ ಆರಿಸುತ್ತಿದ್ದಳು. ನಾನು ಆ ದಿನ ಊಟ ಮಾಡಲಿಲ್ಲ, ಹೊಟ್ಟೆ ಸರಿಯಿಲ್ಲ ಅಂದೆ. ಹೊಟ್ಟೆ ಸರಿಯಿತ್ತು ಅಣ್ಣಾ. ಕೇಸಿಂಗಿನ ಮೇಲೆ ಕಬ್ಬಿಣದ ತಟ್ಟೆ ವೆಲ್ಡಿಂಗ್ ಮಾಡಿಸಿ, ನಡುವೆ ಟೇಪು ಇಳಿಯುವಷ್ಟು ಕಂಡಿ ಬಿಡಿಸಿ, ಅದಕ್ಕೆ ತಿರುಗಿಸುವ ಬಿರಡೆ ಹಾಕಿಸೋಣ. ಮಗುವಿಗೂ ಭಯವಿಲ್ಲ, ಅಳೆಯಲೂ ಬರುತ್ತದೆ. ಇದು ಪರೀಕ್ಷೆಗೆ ಕಾಯುವ ಕೆಲಸವಲ್ಲ, ಈ ಪತ್ರ ಓದಿದ ದಿನವೇ ಮಾಡಿಸು. ಬಿಟ್ಟ ಎರಡೂ ಬೋರಿಗೆ.

ಬರುವ ಭಾನುವಾರ ಮೊದಲ ಬಸ್ಸಿಗೆ ಬರುತ್ತೇನೆ. ಶನಿವಾರ ಮುಂಜಾನೆಯಿಂದಲೇ ಮೋಟರು ಬಂದ್ ಇಡು, ನೀರು ತನ್ನ ಜಾಗಕ್ಕೆ ಬಂದು ನಿಲ್ಲಲಿ. ಟೇಪು, ಸೀಮೆಸುಣ್ಣ, ಲಾಗ್ ಹಾಳೆ ನಾನು ತರುತ್ತೇನೆ. ಡ್ರಮ್ ತೊಳೆದಿಡು. ಕಾಕಾನ ಮನೆಗೆ ನೀನೇ ಹೋಗಿ, ಅವರ ಬೋರನ್ನೂ ಆ ಒಂದು ದಿನ ಬಂದ್ ಇಡಲು ಕೇಳು. ನಿನಗೆ ಆಗದಿದ್ದರೆ ಬಸ್ಸಿಳಿದ ಕೂಡಲೇ ನಾನು ಹೋಗುತ್ತೇನೆ. ಅವರ ಮಗನನ್ನೂ ಕರೆಯಬೇಕು. ಅವರ ಬೋರಿನಲ್ಲಿ ಟೇಪು ಹಿಡಿದು ಕೂರಲು ಒಬ್ಬರು ಬೇಕೇ ಬೇಕು.

ನಿನ್ನ ತಂಗಿ